ಬುದ್ಧನೂ ಯೇಸುವೂ ಒಂದೇ ಬಾಡಿಗೆ ಮನೆಯಲ್ಲಿ: ಮಂಗಾಕ್ಕೆ ಇಷ್ಟೊಂದು ಕಥೆ ಎಲ್ಲಿಂದ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಬಿಡುವು ಸಿಕ್ಕರೆ ಸಾಕು, ಕೈಯಲ್ಲಿ ಮಂಗಾ, ಅಂದರೆ ಜಪಾನಿನ ಚಿತ್ರಕಥೆ. ಕತ್ತಿ, ರಾಕ್ಷಸರು, ದೊಡ್ಡ ಕಣ್ಣಿನ ಹುಡುಗರ ಹೊಡೆದಾಟ ಇಷ್ಟೇ ಇರಬೇಕು ಎಂದುಕೊಂಡಿದ್ದೆ. ಮೊನ್ನೆ ಅವಳ ಮೇಜಿನ ಮೇಲಿದ್ದ ನಾಲ್ಕು ಪುಸ್ತಕಗಳನ್ನು ತಿರುವಿ ಹಾಕಿದೆ. ಒಂದರಲ್ಲಿ ಹುಡುಗನೊಬ್ಬ ಹಂದಿಮರಿ ಸಾಕುತ್ತಾನೆ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಹಳೆಯ ಪದ್ಯ ಕೇಳಿ ನೆಲದ ಮೇಲಿನ ಕಾರ್ಡಿಗೆ ಕೈ ಬೀಸುತ್ತಾಳೆ. ಮತ್ತೊಂದರಲ್ಲಿ ಪ್ರಾಚೀನ ರೋಮಿನ ವಾಸ್ತುಶಿಲ್ಪಿ ಸ್ನಾನದ ಕೊಳದಲ್ಲಿ ಮುಳುಗಿ ಜಪಾನಿನಲ್ಲಿ ಏಳುತ್ತಾನೆ. ನಾಲ್ಕನೆಯದರಲ್ಲಿ ಬುದ್ಧನೂ ಯೇಸುವೂ ಒಂದೇ ಬಾಡಿಗೆ ಮನೆಯಲ್ಲಿದ್ದಾರೆ! ಇಷ್ಟು ಬಗೆಯ ಕಥೆ ಇವರಿಗೆ ಹೊಳೆಯುವುದಾದರೂ ಹೇಗೆ? ಅವರ ಕಲ್ಪನಾಶಕ್ತಿಯೇ ಬೇರೆಯೇ? ಮಗಳು ಇದನ್ನೆಲ್ಲ ಓದುವುದಕ್ಕೆ ನಾನು ಚಿಂತೆ ಮಾಡಬೇಕೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಅರ್ಧ ಉತ್ತರ ಕೊಟ್ಟುಬಿಡುತ್ತೇನೆ. ನಾಲ್ಕೂ ಒಳ್ಳೆಯ ಪುಸ್ತಕಗಳೇ, ಹುಡುಗಿಯ ಆಯ್ಕೆ ಚೆನ್ನಾಗಿದೆ. ಉಳಿದರ್ಧಕ್ಕೆ ಆಮೇಲೆ ಬರೋಣ.

ಜಪಾನಿ ಭಾಷೆ ಕಲಿಸುವುದು ನನ್ನ ವೃತ್ತಿ. ಅದಕ್ಕೆ ಮುಂಚೆ ಕೆಲವು ವರ್ಷ ಒಸಾಕಾದಲ್ಲಿದ್ದೆ. ತರಗತಿಯಲ್ಲಿ 'ಮಂಗಾ' ಎಂಬ ಮಾತು ಮೊದಲ ಸಲ ಬಂದ ದಿನ ಹಿಂದಿನ ಬೆಂಚಿನಿಂದ ಒಂದು ಕಿಸಕ್ ನಗು ಖಚಿತ. ಕನ್ನಡದ ಕಿವಿಗೆ ಅದು ತಪ್ಪಿದ್ದಲ್ಲ. ನಗು ಮುಗಿದ ಮೇಲೆ ಬರುವ ಪ್ರಶ್ನೆ ನಿಮ್ಮದೇ. ಜಪಾನೀಯರ ತಲೆಯಲ್ಲಿ ಏನೋ ವಿಶೇಷ ಇದೆಯೇ ಎಂದು. ಕಲ್ಪನೆ ಎಲ್ಲ ಊರಿನಲ್ಲೂ ಬೇಕಾದಷ್ಟು ಬಿದ್ದಿರುತ್ತದೆ, ಅದನ್ನು ದುಡಿಸಿಕೊಳ್ಳುವ ಏರ್ಪಾಡು ಎಲ್ಲ ಕಡೆ ಇರುವುದಿಲ್ಲ ಎನ್ನುವುದು ನನ್ನ ಉತ್ತರ. ಮಂಗಾದ ವೈವಿಧ್ಯವನ್ನು ಹುಟ್ಟಿಸಿರುವುದು ಮುಖ್ಯವಾಗಿ ಎರಡು ಸಂಗತಿ: ಕಥೆಯ ಒಡೆತನ ಯಾರದು ಎಂಬುದು, ಮತ್ತು ಕಥೆ ಮಾರುವ ಪತ್ರಿಕೆಗಳ ಲೆಕ್ಕಾಚಾರ.

ಪತ್ರಿಕೆಯಿಂದ ಆರಂಭಿಸೋಣ. ನಿಮ್ಮ ಮಗಳ ಕೈಯಲ್ಲಿರುವ ಪುಸ್ತಕ ಮಂಗಾದ ಎರಡನೆಯ ಜನ್ಮ. ಮೊದಲ ಜನ್ಮ ವಾರಪತ್ರಿಕೆಯಲ್ಲೋ ಮಾಸಿಕದಲ್ಲೋ ಆಗಿರುತ್ತದೆ, ನಮ್ಮ ವಾರಪತ್ರಿಕೆಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದ ಹಾಗೆ. ಅಲ್ಲಿ ಇಡೀ ಪತ್ರಿಕೆಯೇ ಧಾರಾವಾಹಿ, ಅಷ್ಟೇ ವ್ಯತ್ಯಾಸ. ಅಗ್ಗದ ಒರಟು ಕಾಗದ, ಇಟ್ಟಿಗೆಯಷ್ಟು ದಪ್ಪ, ಒಳಗೆ ಇಪ್ಪತ್ತರ ಆಸುಪಾಸಿನಷ್ಟು ಕಥೆಗಳ ಒಂದೊಂದು ಕಂತು. ಒಸಾಕಾದಲ್ಲಿ ನಾನಿದ್ದ ಬೀದಿಯಲ್ಲಿ ರದ್ದಿ ಒಯ್ಯುವ ದಿನ ಬೆಳಿಗ್ಗೆ ಎದ್ದರೆ ಮನೆ ಮನೆಯ ಮುಂದೆ ಇಂಥ ಸಂಚಿಕೆಗಳನ್ನು ದಾರದಲ್ಲಿ ಕಟ್ಟಿ ಇಟ್ಟಿರುತ್ತಿದ್ದರು. ಓದಿ ಎಸೆಯುವ ಸರಕು ಅದು. ಮೆಚ್ಚಿದ ಕಥೆಯನ್ನು ಮಾತ್ರ ಆಮೇಲೆ ಪುಸ್ತಕವಾಗಿ ಕೊಂಡು ಕಪಾಟಿನಲ್ಲಿ ಇಡುತ್ತಾರೆ.

ಹುಡುಗರ ವಾರಪತ್ರಿಕೆಗಳ ಕಾಲ ಆರಂಭವಾದದ್ದು 1959ರ ಮಾರ್ಚ್ 17ರಂದು. 'ಶೋನೆನ್ ಮ್ಯಾಗಜೀನ್' ಮತ್ತು 'ಶೋನೆನ್ ಸಂಡೇ' ಒಂದೇ ದಿನ ಅಂಗಡಿಗೆ ಬಂದವು. 1968ರಲ್ಲಿ 'ಶೋನೆನ್ ಜಂಪ್' ಬಂತು, ದೊಡ್ಡ ಹೆಸರಿನ ಚಿತ್ರಕಾರರೆಲ್ಲ ಆಗಲೇ ಬೇರೆ ಪತ್ರಿಕೆಗಳ ಪಾಲಾಗಿದ್ದರು. ಜಂಪ್‌ಗೆ ಉಳಿದದ್ದು ಹೊಸಬರು. ಹೊಸಬರನ್ನು ನಂಬಿ ಪತ್ರಿಕೆ ನಡೆಸುವುದು ಹೇಗೆ? ಓದುಗರನ್ನೇ ಕೇಳುವುದು. ಪ್ರತಿ ಸಂಚಿಕೆಯೊಳಗೆ ಒಂದು ಅಂಚೆ ಕಾರ್ಡು. ಈ ವಾರ ನಿನಗೆ ಹಿಡಿಸಿದ ಮೂರು ಕಥೆ ಬರೆದು ಕಳಿಸು. ಬಂದ ಕಾರ್ಡುಗಳನ್ನು ಎಣಿಸಿ, ತಳದಲ್ಲಿ ಉಳಿದ ಕಥೆಯನ್ನು ಹತ್ತು ಹನ್ನೆರಡು ವಾರಗಳಲ್ಲೇ ನಿಲ್ಲಿಸಿಬಿಡುವುದು. ಚಿತ್ರಕಾರ ಮನಸ್ಸಿನಲ್ಲಿ ಐದು ವರ್ಷದ ಕಥೆ ಇಟ್ಟುಕೊಂಡಿದ್ದರೂ ಸರಿ. 1994ರ ಕೊನೆಯ ಹೊತ್ತಿಗೆ ಇದೇ ಜಂಪ್‌ನ ಪ್ರಸಾರ 65.3 ಲಕ್ಷ ಪ್ರತಿಗೆ ಮುಟ್ಟಿತು.

ಈ ಕಾರ್ಡು ಎಷ್ಟು ಕ್ರೂರವೋ ಅಷ್ಟೇ ಫಲವತ್ತು. ಬಾಗಿಲು ತಟ್ಟುವ ಹೊಸ ಚಿತ್ರಕಾರ ಸಂಪಾದಕನ ಎದುರು ಕುಳಿತಾಗ ಕೇಳಿಸಿಕೊಳ್ಳುವ ಮೊದಲ ಮಾತು, ನಮ್ಮ ಪತ್ರಿಕೆಯಲ್ಲಿ ಈಗ ಇಲ್ಲದ್ದು ನಿನ್ನಲ್ಲಿ ಏನಿದೆ ಎಂಬುದು. ಬಾಸ್ಕೆಟ್‌ಬಾಲ್ ಕಥೆ ಚೆನ್ನಾಗಿ ಓಡುತ್ತಿರುವಾಗ ಎರಡನೆಯ ಬಾಸ್ಕೆಟ್‌ಬಾಲ್ ಕಥೆಗೆ ಜಾಗ ಸಿಗುವುದು ಕಷ್ಟ. ಮೀನುಗಾರಿಕೆಯ ಕಥೆಗೆ ಸಿಕ್ಕೀತು.

ಒಡೆತನದ ಮಾತು ಇದಕ್ಕಿಂತ ಮುಖ್ಯ. ಅಮೆರಿಕದ ಸೂಪರ್‌ಮ್ಯಾನ್ 1938ರಿಂದ ಹಾರುತ್ತಲೇ ಇದ್ದಾನೆ. ಅವನನ್ನು ಸೃಷ್ಟಿಸಿದ ಇಬ್ಬರು ಯುವಕರು ಹಕ್ಕನ್ನು 130 ಡಾಲರಿಗೆ ಕಂಪನಿಗೆ ಮಾರಿಬಿಟ್ಟಿದ್ದರು. ಆಮೇಲೆ ಬಂದ ಬರಹಗಾರರೆಲ್ಲ ಅದೇ ಮನೆಯಲ್ಲಿ ಬಾಡಿಗೆಗಿದ್ದು ಅದೇ ನಾಯಕನಿಗೆ ಹೊಸ ಶತ್ರುಗಳನ್ನು ಹುಡುಕುತ್ತಾ ಹೋದರು. ಜಪಾನಿನಲ್ಲಿ ಕಥೆಯ ಹಕ್ಕು ಸಾಮಾನ್ಯವಾಗಿ ಬರೆದವರದೇ. ಅವರು ಮುಗಿಸಿದರೆ ಕಥೆ ಮುಗಿಯಿತು. ಇದಕ್ಕೆ ಅಪವಾದಗಳೂ ಇವೆ: 'ಬೆರ್ಸೆರ್ಕ್' ಬರೆಯುತ್ತಿದ್ದ ಮಿಉರಾ ಕೆಂತಾರೊ 2021ರಲ್ಲಿ ತೀರಿಕೊಂಡಾಗ, ಕಥೆಯ ಕೊನೆಯನ್ನು ಅವರಿಂದ ಕೇಳಿ ತಿಳಿದಿದ್ದ ಗೆಳೆಯ ಮತ್ತು ಸಹಾಯಕರು ಮರುವರ್ಷ ಅದನ್ನು ಮುಂದುವರಿಸಿದರು. ಆದರೂ ಸಾಮಾನ್ಯ ನಿಯಮ ನಿಯಮವೇ. ಹಳೆಯ ನಾಯಕನನ್ನು ಹೊಸಬರಿಗೆ ಯಾರೂ ಕೊಡುವುದಿಲ್ಲ. ತನ್ನ ಬೀಜ ತಾನೇ ತರಬೇಕು.

ನಿಮ್ಮ ಮಗಳ ಹಂದಿಮರಿಯ ಕಥೆಯನ್ನೇ ನೋಡಿ. ಅದು 'ಗಿನ್ ನೋ ಸಾಜಿ', ಅಂದರೆ ಬೆಳ್ಳಿ ಚಮಚ. ಬರೆದವರು ಅರಾಕಾವಾ ಹಿರೋಮು ಎಂಬ ಮಹಿಳೆ. 2001ರಿಂದ 2010ರವರೆಗೆ ಅವರು ರಸವಿದ್ಯೆ ಬಲ್ಲ ಇಬ್ಬರು ಸೋದರರ ಅದ್ಭುತ ಕಥೆಯೊಂದನ್ನು ಬರೆದು ಜಗತ್ತಿನಾದ್ಯಂತ ಹೆಸರು ಮಾಡಿದ್ದರು. ಅದೇ ಸೋದರರನ್ನು ಇನ್ನೊಂದು ಇಪ್ಪತ್ತು ವರ್ಷ ಎಳೆಯಬಹುದಿತ್ತು, ಓದುಗರೂ ಬೇಡವೆನ್ನುತ್ತಿರಲಿಲ್ಲ. ಅವರು ಅದನ್ನು ಮುಗಿಸಿ ಮರುವರ್ಷ ಕೈಗೆತ್ತಿಕೊಂಡದ್ದು ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಕೃಷಿ ಪ್ರೌಢಶಾಲೆಯ ಕಥೆ. ಅರಾಕಾವಾ ಹುಟ್ಟಿ ಬೆಳೆದದ್ದು ಹೊಕ್ಕೈಡೊದ ಹೈನುಗಾರರ ಮನೆಯಲ್ಲಿ. ಟೋಕಿಯೊಗೆ ಹೋಗುವ ಮುಂಚೆ ವರ್ಷಗಟ್ಟಲೆ ಸಗಣಿ ಬಾಚಿದವರು, ಹಾಲು ಕರೆದವರು.

ಕಥೆಯ ಹುಡುಗ ಹಾಚಿಕೆನ್ ಸಪ್ಪೊರೊ ನಗರದವನು. ಅಂಕಗಳ ಓಟದಲ್ಲಿ ಸೋತು, ಮನೆಯಿಂದ ದೂರವಿದ್ದರೆ ಸಾಕೆಂದು ಹಾಸ್ಟೆಲ್ ಇರುವ ಈ ಶಾಲೆಗೆ ಬರುತ್ತಾನೆ. ಸಹಪಾಠಿಗಳೆಲ್ಲ ರೈತರ ಮಕ್ಕಳು. ಮೊಟ್ಟೆ ಕೋಳಿಯ ಯಾವ ದ್ವಾರದಿಂದ ಬರುತ್ತದೆ ಎಂದು ತಿಳಿದ ದಿನ ಇವನಿಗೆ ಊಟ ಸೇರುವುದಿಲ್ಲ. ಆಮೇಲೆ ಹಂದಿ. ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾದ ಮರಿಯ ಮೇಲೆ ಮನಸ್ಸಾಗುತ್ತದೆ. ಹೆಸರಿಟ್ಟರೆ ಕೊಡುವಾಗ ಸಂಕಟವಾಗುತ್ತದೆ, ಇಡಬೇಡ ಎಂದು ಗೆಳೆಯರು ಹೇಳುತ್ತಾರೆ. ಇವನು ಇಟ್ಟ ಹೆಸರು ಬುತಾದೊನ್: ಹಂದಿಮಾಂಸದ ತುಂಡುಗಳನ್ನು ಮೇಲೆ ಹಾಕಿ ಬಡಿಸುವ ಅನ್ನದ ಖಾದ್ಯ ಅದು. ತಿಂಗಳುಗಳು ಉರುಳಿ ಬುತಾದೊನ್ ಕಸಾಯಿಖಾನೆಯ ಗಾಡಿ ಹತ್ತುತ್ತದೆ. ಹಾಚಿಕೆನ್ ತನ್ನ ಬೇಸಿಗೆ ಸಂಪಾದನೆಯಿಂದ ಅದರ ಮಾಂಸವನ್ನೆಲ್ಲ ಕೊಂಡು, ಹೊಗೆ ಹಾಕಿ ಬೇಕನ್ ಮಾಡಿ, ಶಾಲೆಯವರೆಲ್ಲರ ಜೊತೆ ತಿನ್ನುತ್ತಾನೆ. ರುಚಿಯಾಗಿದೆ ಎಂದು ಅವನಿಗೆ ಅನಿಸುವುದೇ ಆ ಕಂತಿನ ಇರಿತ. ಮಾಂಸ ತಿನ್ನಬೇಕು ಎಂದಾಗಲಿ ಬಾರದು ಎಂದಾಗಲಿ ಬರೆದವರು ಎಲ್ಲೂ ಹೇಳುವುದಿಲ್ಲ. ಇದು ಬಂದದ್ದು ಹದಿಹರೆಯದ ಹುಡುಗರ ವಾರಪತ್ರಿಕೆಯಲ್ಲಿ, ಪತ್ತೇದಾರಿ ಮತ್ತು ಬೇಸ್‌ಬಾಲ್ ಕಥೆಗಳ ನಡುವೆ.

ಈ ಕಥೆಯಲ್ಲೇ ಮಂಗಾದ ಅತಿ ಸಾಮಾನ್ಯ ಅಚ್ಚು ಇದೆ. ಒಂದು ಕಸುಬು ತೆಗೆದುಕೊಳ್ಳಿ, ಅದರ ಗಂಧವೇ ಇಲ್ಲದ ಒಬ್ಬನನ್ನು ಒಳಗೆ ತಳ್ಳಿ. ಅವನು ಕಲಿಯುತ್ತಾ ಹೋದಂತೆ ಓದುವವನೂ ಕಲಿಯುತ್ತಾನೆ. ಕಸುಬು ಬದಲಾದರೆ ಕಥೆ ಹೊಸದು. 'ಹಿಕಾರು ನೋ ಗೋ'ದಲ್ಲಿ ಹುಡುಗನೊಬ್ಬ ಅಜ್ಜನ ಉಗ್ರಾಣದಲ್ಲಿ ಗೋ ಆಟದ ಹಳೆಯ ಮಣೆ ಕಾಣುತ್ತಾನೆ, ಅದರೊಳಗೆ ಸಾವಿರ ವರ್ಷದ ಹಿಂದಿನ ಆಸ್ಥಾನದ ಆಟಗಾರನೊಬ್ಬನ ಆತ್ಮ. ಮುದುಕರ ಆಟವೆಂದು ಮೂಲೆ ಸೇರಿದ್ದ ಗೋ ಈ ಕಥೆಯ ದೆಸೆಯಿಂದ ಮತ್ತೆ ಮಕ್ಕಳ ಕೈಗೆ ಬಂತು. ನಡೆಗಳು ತಪ್ಪಬಾರದೆಂದು ವೃತ್ತಿಪರ ಆಟಗಾರ್ತಿಯೊಬ್ಬರು ಮೇಲ್ವಿಚಾರಣೆಗೆ ಇದ್ದರು. 'ಮೊಯಾಶಿಮೊನ್' ಕಥೆಯ ಹುಡುಗನಿಗೆ ಸೂಕ್ಷ್ಮಜೀವಿಗಳು ಬರಿಗಣ್ಣಿಗೆ ಕಾಣುತ್ತವೆ, ಮಾತನಾಡುತ್ತವೆ. ಅವನು ಕೃಷಿ ಕಾಲೇಜಿಗೆ ಸೇರುತ್ತಾನೆ. ಅಕ್ಕಿಯನ್ನು ಸಾಕೆ ಮದ್ಯವಾಗಿಸುವ ಬೂಷ್ಟು ಅಲ್ಲಿ ದುಂಡು ಮುಖದ ಮುದ್ದು ಪಾತ್ರ. ರಾತ್ರಿ ಇಡ್ಲಿ ಹಿಟ್ಟು ಉಬ್ಬಿ ಪಾತ್ರೆಯ ಮುಚ್ಚಳ ಎತ್ತಿದ್ದನ್ನು ಕಂಡ ಯಾರಿಗಾದರೂ ಈ ಕಥೆ ಅರ್ಥವಾಗುತ್ತದೆ. 1990ರಲ್ಲಿ ಆರಂಭವಾದ 'ನಾನಿವಾ ಕಿನ್ಯೂದೋ' ಒಸಾಕಾದ ಒಂದು ಖಾಸಗಿ ಸಾಲದ ಕಚೇರಿಗೆ ಸೇರಿದ ಯುವಕನ ಕಥೆ. ಪ್ರಾಮಿಸರಿ ನೋಟು ಹೇಗೆ ಬರೆಯುತ್ತಾರೆ, ಜಾಮೀನು ಹಾಕಿದವನು ಹೇಗೆ ಮುಳುಗುತ್ತಾನೆ ಎಂಬುದನ್ನು ಅಷ್ಟು ವಿವರವಾಗಿ ನಾನು ಬೇರೆಲ್ಲೂ ಓದಿಲ್ಲ. ಅದನ್ನು ಓದಿದ ಮೇಲೆ ಯಾರ ಸಾಲಕ್ಕೂ ಸಹಿ ಹಾಕಿಲ್ಲ.

ಕೊನೆಯದು ಹುಡುಗರ ಪತ್ರಿಕೆಯಲ್ಲಿ ಬಂದದ್ದಲ್ಲ. 1960ರ ದಶಕದಲ್ಲಿ ಮಂಗಾ ಓದುತ್ತಿದ್ದ ಹುಡುಗರು ಬೆಳೆದು ಟೈ ಕಟ್ಟಿದರು, ಓದುವುದನ್ನು ಬಿಡಲಿಲ್ಲ. ಪ್ರಕಾಶಕರು ಅವರ ಬೆನ್ನು ಹತ್ತಿ ವಯಸ್ಕರ ಪತ್ರಿಕೆಗಳನ್ನು ತಂದರು. ಆಗ ಕಚೇರಿಯೂ ಕಥೆಯಾಯಿತು. ಮತ್ಸುಶಿತಾ ಎಲೆಕ್ಟ್ರಿಕ್‌ನಲ್ಲಿ ಸ್ವಲ್ಪ ಕಾಲ ನೌಕರಿ ಮಾಡಿದ್ದ ಹಿರೊಕಾನೆ ಕೆನ್‌ಶಿ 1983ರಲ್ಲಿ ಶಿಮಾ ಕೋಸಾಕು ಎಂಬ ವಿಭಾಗಾಧಿಕಾರಿಯ ಕಥೆ ಆರಂಭಿಸಿದರು. ಕಥಾನಾಯಕ ಓದುಗರ ಜೊತೆಗೇ ವಯಸ್ಸಾಗುತ್ತಾ, ಬಡ್ತಿ ಪಡೆಯುತ್ತಾ, 2008ರಲ್ಲಿ ಕಂಪನಿಯ ಅಧ್ಯಕ್ಷನೇ ಆದ. ಪ್ರತಿ ಬಡ್ತಿಗೂ ಪುಸ್ತಕದ ಹೆಸರು ಬದಲಾಗುತ್ತದೆ! ಪತ್ರಿಕೆ ಯಾರಿಗೆಂದು ತಿಳಿಯಲು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಉಪಾಯವಿದೆ. ಕಠಿಣ ಚಿತ್ರಾಕ್ಷರಗಳ ಪಕ್ಕದಲ್ಲಿ ಉಚ್ಚಾರಣೆಯ ಪುಟ್ಟ ಅಕ್ಷರಗಳು ಎಲ್ಲೆಡೆ ಇದ್ದರೆ ಅದು ಸಾಮಾನ್ಯವಾಗಿ ಮಕ್ಕಳಿಗೆ, ಇಲ್ಲದಿದ್ದರೆ ದೊಡ್ಡವರಿಗೆ.

ಹೆಣ್ಣುಮಕ್ಕಳ ಪತ್ರಿಕೆಗಳದ್ದು ಇನ್ನೊಂದು ದಾರಿ. ಮೊದಮೊದಲು ಹುಡುಗಿಯರಿಗಾಗಿ ಬರೆಯುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. 1970ರ ದಶಕದಲ್ಲಿ ಹಾಗಿಯೊ ಮೊತೊ, ತಾಕೆಮಿಯಾ ಕೇಕೊ, ಇಕೆದಾ ರಿಯೊಕೊ ಮುಂತಾದ ಯುವತಿಯರು ಬಂದು ಮನೆಯನ್ನೇ ಬದಲಿಸಿದರು. ಇಕೆದಾ 1972ರಲ್ಲಿ ಆರಿಸಿಕೊಂಡ ವಸ್ತು ಫ್ರೆಂಚ್ ಕ್ರಾಂತಿ. ಅರಮನೆಯ ಕಾವಲು ಪಡೆಯ ನಾಯಕ ಗಂಡಾಗಿ ಬೆಳೆಸಲ್ಪಟ್ಟ ಹೆಣ್ಣು. ಶಾಲಾ ಬಾಲಕಿಯರಿಗೆ ಇತಿಹಾಸ ಹಿಡಿಸುವುದಿಲ್ಲ ಎಂಬ ಸಂಪಾದಕರ ನಂಬಿಕೆಯನ್ನು ಅದು ಒಂದೇ ಏಟಿಗೆ ಮುರಿಯಿತು.

ಎರಡನೆಯ ಅಚ್ಚು ನಿಮ್ಮ ರೋಮನ್ ವಾಸ್ತುಶಿಲ್ಪಿಯದು, ಬಾಡಿಗೆ ಮನೆಯ ದೇವರದು. ಇದರ ಗುಟ್ಟು, ಒಂದೇ ಒಂದು ಸುಳ್ಳು ಹೇಳುವುದು. ಉಳಿದದ್ದೆಲ್ಲ ಕೂದಲೆಳೆಯಷ್ಟೂ ತಪ್ಪದ ನಿಜ. 'ಥೆರ್ಮೆ ರೋಮೆ'ಯ ಲೂಸಿಯಸ್ ಹೇಡ್ರಿಯನ್ ಚಕ್ರವರ್ತಿಯ ಕಾಲದವನು. ಸ್ನಾನಗೃಹ ಕಟ್ಟುವವನು, ಹೊಸ ಹೊಳಹಿಲ್ಲದೆ ಕೆಲಸ ಕಳೆದುಕೊಂಡವನು. ನೀರಿನಲ್ಲಿ ಸೆಳೆದುಕೊಂಡು ಹೋಗಿ ಇಂದಿನ ಜಪಾನಿನ ಸಾರ್ವಜನಿಕ ಸ್ನಾನಗೃಹದಲ್ಲಿ ಏಳುತ್ತಾನೆ, ಅಲ್ಲಿ ಕಂಡ ಬಟ್ಟೆಬುಟ್ಟಿ, ಸ್ನಾನವಾದ ಮೇಲೆ ಕುಡಿಯುವ ಹಣ್ಣಿನ ರುಚಿಯ ತಣ್ಣನೆಯ ಹಾಲು ಎಲ್ಲವನ್ನೂ ರೋಮಿಗೆ ಒಯ್ದು ಹೆಸರು ಗಳಿಸುತ್ತಾನೆ. ಈ ಚಪ್ಪಟೆ ಮುಖದ ಜನ ಯಾವುದೋ ಗುಲಾಮರ ಕುಲ ಎಂದುಕೊಂಡವನಿಗೆ ಅವರು ತನಗಿಂತ ಮುಂದಿದ್ದಾರೆಂಬ ಅವಮಾನ ಬೇರೆ. ಬರೆದ ಯಾಮಾಝಾಕಿ ಮಾರಿ ಇಟಲಿಯಲ್ಲಿ ಓದಿ, ಅಲ್ಲೇ ಸಂಸಾರ ಹೂಡಿದವರು. ಜಪಾನಿನ ಸ್ನಾನದ ತೊಟ್ಟಿಗಾಗಿ ಹಂಬಲಿಸಿದ ಹೆಣ್ಣುಮಗಳೇ ಇದನ್ನು ಬರೆಯಬಲ್ಲಳು ಎಂದು ಓದಿದಾಗೆಲ್ಲ ಅನಿಸುತ್ತದೆ.

ಬುದ್ಧ ಮತ್ತು ಯೇಸುವಿನದು ಇನ್ನೂ ಸರಳ. ಇಬ್ಬರೂ ರಜೆಯ ಮೇಲೆ ಭೂಮಿಗೆ ಬಂದು ಟೋಕಿಯೊ ಪಕ್ಕದ ತಚಿಕಾವಾದಲ್ಲಿ ಸಣ್ಣ ಕೋಣೆ ಹಿಡಿದಿದ್ದಾರೆ. ಬುದ್ಧ ಕೈ ಬಿಗಿಹಿಡಿದು ಖರ್ಚು ಮಾಡುವವನು, ಯೇಸು ಕಂಡದ್ದನ್ನು ಕೊಂಡು ತರುವವನು. ಅಷ್ಟೇ ಕಥೆ. ಯಾರನ್ನೂ ಗೇಲಿ ಮಾಡದೆ ನಗಿಸುವುದು ಎಷ್ಟು ಕಷ್ಟ ಎನ್ನುವುದು ಬರೆಯಲು ಕುಳಿತವರಿಗೇ ಗೊತ್ತು. ಯೊಶಿನಾಗಾ ಫುಮಿಯವರ 'ಓ-ಓಕು' ಇದೇ ವಿಧಾನವನ್ನು ಗಂಭೀರವಾಗಿ ಬಳಸುತ್ತದೆ. ಶೋಗನ್ ಎಂಬ ಸೇನಾಧಿಪತಿಗಳು ಆಳುತ್ತಿದ್ದ ಎದೋ ಕಾಲದ ಜಪಾನಿನಲ್ಲಿ ಹುಡುಗರನ್ನು ಮಾತ್ರ ಕೊಲ್ಲುವ ಸಿಡುಬು ಹಬ್ಬಿ ಗಂಡಸರ ಸಂಖ್ಯೆ ಹೆಂಗಸರ ಕಾಲುಭಾಗಕ್ಕೆ ಇಳಿಯುತ್ತದೆ. ಆಮೇಲೆ ಶೋಗನ್ ಹೆಣ್ಣು, ಅಂತಃಪುರದಲ್ಲಿ ಗಂಡಸರು. ಮಿಕ್ಕ ಇತಿಹಾಸ, ಆಳಿದವರ ಹೆಸರುಗಳು, ಆಜ್ಞೆಗಳು ಬಹುಮಟ್ಟಿಗೆ ಇದ್ದ ಹಾಗೇ. ಇತೊ ಜುಂಜಿಯವರ 'ಉಝುಮಾಕಿ' ಎಂಬ ಭಯಾನಕ ಕಥೆಯಲ್ಲಂತೂ ಖಳನಾಯಕ ಒಂದು ಆಕಾರ, ಸುರುಳಿ. ಒಂದು ಊರಿಗೆ ಸುರುಳಿಯ ಹುಚ್ಚು ಹಿಡಿಯುತ್ತದೆ. ಓದಿದ ವಾರ ನಾನು ಬಸವನಹುಳು ಕಂಡರೆ ದಾರಿ ಬಿಟ್ಟು ನಡೆದಿದ್ದೇನೆ.

ಅಚ್ಚಿಗೆ ಸಿಗದವೂ ಇವೆ. 'ಕೊದೊಕು ನೋ ಗುರುಮೆ'ಯಲ್ಲಿ ಒಬ್ಬ ವ್ಯಾಪಾರಿ ಕೆಲಸದ ಮೇಲೆ ಊರೂರು ಸುತ್ತುತ್ತಾನೆ, ಹಸಿವಾಗುತ್ತದೆ, ಸಣ್ಣ ಹೋಟೆಲಿಗೆ ಹೋಗಿ ಒಬ್ಬನೇ ಉಣ್ಣುತ್ತಾನೆ. ಮುಗಿಯಿತು. ಇದನ್ನು ಒಪ್ಪಿದ ಸಂಪಾದಕನಿಗೆ ನಮಸ್ಕಾರ. ಇನ್ನು ನಕಾಝಾವಾ ಕೇಜಿ. 1945ರ ಆಗಸ್ಟ್ 6ರಂದು ಹಿರೊಶಿಮಾದಲ್ಲಿ ಶಾಲೆಯ ಗೋಡೆಯ ಮರೆಯಲ್ಲಿದ್ದುದರಿಂದ ಬದುಕಿದ ಆರು ವರ್ಷದ ಹುಡುಗ. ತಂದೆ, ಅಕ್ಕ, ತಮ್ಮ ಸುಟ್ಟುಹೋದರು. ಅವರು ಅದನ್ನು 'ಹಾದಾಶಿ ನೋ ಗೆನ್' (ಬರಿಗಾಲಿನ ಗೆನ್) ಎಂದು ಬರೆದಾಗ, 1973ರಲ್ಲಿ ಅಚ್ಚು ಹಾಕಿದ್ದು ಮೇಲೆ ಹೇಳಿದ ಅದೇ ಅಂಚೆ ಕಾರ್ಡಿನ ಶೋನೆನ್ ಜಂಪ್. ಇಂಥದನ್ನು ಹೊಳಹು ಎಂದು ಕರೆಯಲು ನನಗೆ ನಾಲಗೆ ಬಾರದು.

ಇಷ್ಟು ಹೊಗಳಿದ ಮೇಲೆ ಹುಳುಕನ್ನೂ ಹೇಳಬೇಕು. ಒಂದು ಹೊಸ ಬೀಜ ಮೊಳೆತರೆ ಮಾರನೆಯ ವರ್ಷ ಅದೇ ಬೀಜದ ತೋಟಗಳು ಏಳುತ್ತವೆ. ಈಗಿನ ಪಿಡುಗು 'ಇಸೆಕಾಯ್', ಅಂದರೆ ಬೇರೆ ಲೋಕ. ಬೇಸತ್ತ ನೌಕರನೊಬ್ಬ ಅಪಘಾತದಲ್ಲಿ ಸತ್ತು ಮಾಯಾಲೋಕದಲ್ಲಿ ಮರುಹುಟ್ಟು ಪಡೆಯುತ್ತಾನೆ. ಹವ್ಯಾಸಿಗಳು ಅಂತರ್ಜಾಲದಲ್ಲಿ ಬರೆದ ಕಾದಂಬರಿಗಳಿಂದ ಇವು ಮಂಗಾಕ್ಕೆ ಹರಿದು ಬರುತ್ತವೆ. ಎಲ್ಲರೂ ಅದನ್ನೇ ಬರೆಯುವುದರಿಂದ, ಯಾವ ರೂಪದಲ್ಲಿ ಹುಟ್ಟುವುದು ಎಂಬುದರಲ್ಲಿ ಮಾತ್ರ ಪೈಪೋಟಿ. ಲೋಳೆಯ ಮುದ್ದೆಯಾಗಿ, ಜೇಡವಾಗಿ, ಕತ್ತಿಯಾಗಿ ಹುಟ್ಟಿದ್ದಾಯಿತು. ಕಾಸು ಹಾಕಿದರೆ ತಂಪು ಪಾನೀಯ ಕೊಡುವ ಯಂತ್ರವಾಗಿಯೂ ಒಬ್ಬ ಹುಟ್ಟಿದ್ದಾನೆ. ನಮ್ಮವರು ಎಂಬತ್ನಾಲ್ಕು ಲಕ್ಷ ಯೋನಿಗಳನ್ನು ಎಣಿಸಿಟ್ಟಿದ್ದರು, ಈ ಯಂತ್ರ ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ನೂರು ಹೆಸರು ಕಂಡು ನೂರು ಬಗೆ ಎಂದು ತಿಳಿಯಬೇಡಿ. ಅಂಗಡಿಯ ಕಪಾಟಿನಲ್ಲಿ ನಿಜವಾದ ಹೊಸ ಕಥೆಗಿಂತ ಬಣ್ಣ ಬಳಿದ ಹಳೆಯದೇ ಹೆಚ್ಚು. ಹೊಸದೊಂದು ಬರಲು ಇಷ್ಟೊಂದು ಜೊಳ್ಳು ಬೇಕೇ ಬೇಕೇನೋ.

ಚಿಂತೆಯ ಉಳಿದರ್ಧ. ಮಂಗಾ ಎಂದರೆ ಮಕ್ಕಳದ್ದು ಎಂದು ಕಣ್ಣು ಮುಚ್ಚಿಕೊಳ್ಳಬೇಡಿ. ದೊಡ್ಡವರ ಪತ್ರಿಕೆಯಿಂದ ಬಂದ ಕಥೆಗಳಲ್ಲಿ ದೊಡ್ಡವರ ಕಾದಂಬರಿಗಳಲ್ಲಿರುವ ರಕ್ತ, ಕಾಮ, ಹತಾಶೆ ಎಲ್ಲವೂ ಇರಬಹುದು. ಪುಸ್ತಕದ ಹಿಂಬದಿಯಲ್ಲಿ ಸಾಮಾನ್ಯವಾಗಿ ವಯಸ್ಸಿನ ಸೂಚನೆ ಇರುತ್ತದೆ, ನೋಡಿ. ಹದಿನೇಳರ ಹುಡುಗಿಗೆ ಈ ನಾಲ್ಕರಲ್ಲಿ ಯಾವುದೂ ಅಪಾಯವಿಲ್ಲ. ಲೂಸಿಯಸ್ ಮಾತ್ರ ಸ್ನಾನಗೃಹದ ಕಥೆಗೆ ತಕ್ಕಂತೆ ಮೈಮೇಲೆ ಬಟ್ಟೆ ಹಾಕುವುದನ್ನು ಆಗಾಗ ಮರೆಯುತ್ತಾನೆ. ನೀವೂ ಒಂದನ್ನು ಓದಬೇಕೆಂದಿದ್ದರೆ ತೆಜುಕಾ ಒಸಾಮು 1972ರಿಂದ 1983ರವರೆಗೆ ಬರೆದ 'ಬುದ್ಧ' ಹುಡುಕಿ, ಭಾರತದಲ್ಲಿ ಇಂಗ್ಲಿಷ್ ಅನುವಾದ ಸಿಗುತ್ತದೆ. ಸಿದ್ಧಾರ್ಥನ ಕಥೆಯನ್ನು ಅವರು ಆರಂಭಿಸುವುದು ಅರಮನೆಯಿಂದಲ್ಲ. ಮೊದಲು ಬರುವವರು ಚಪ್ರ ಎಂಬ ಗುಲಾಮ ಹುಡುಗ ಮತ್ತು ತತ್ತ ಎಂಬ ಬೀದಿಯ ಪೋರ, ಇಬ್ಬರೂ ತೆಜುಕಾ ಕಲ್ಪಿಸಿದವರು. ಮೊದಲ ಸಂಪುಟದ ಬಹುಭಾಗ ಅವರದೇ.

ಕಾರ್ಡು ಹೊಡೆಯುವ ಹುಡುಗಿಯ ಬಗ್ಗೆ ನಾನು ಬೇಕೆಂದೇ ಏನೂ ಹೇಳಿಲ್ಲ. ಅದು 'ಚಿಹಾಯಾಫುರು'. ಆಟದ ಹೆಸರು ಕಾರುತ. ಹದಿಮೂರನೆಯ ಶತಮಾನದಲ್ಲಿ ಸಂಕಲಿಸಿದ ನೂರು ಕವಿಗಳ ನೂರು ಪದ್ಯಗಳು. ವಾಚಕ ಪೂರ್ವಾರ್ಧ ಓದುತ್ತಿದ್ದಂತೆ ಉತ್ತರಾರ್ಧ ಬರೆದ ಕಾರ್ಡನ್ನು ಎದುರಾಳಿಗಿಂತ ಮೊದಲು ಹೊಡೆದು ಹಾರಿಸಬೇಕು. ಇಡೀ ನೂರರಲ್ಲಿ ಏಳು ಪದ್ಯಗಳ ಮೊದಲ ಅಕ್ಷರ ಬೇರೆ ಯಾವ ಪದ್ಯಕ್ಕೂ ಇಲ್ಲ, ಆ ಒಂದು ಅಕ್ಷರ ಕಿವಿಗೆ ಬಿದ್ದರೆ ಕೈ ಹಾರಿರಬೇಕು. ಆ ಏಳು ಯಾವುವು ಎಂದು ಮಗಳನ್ನು ಕೇಳಿ. ಮೂರನೆಯ ಸಂಪುಟ ದಾಟಿದ್ದರೆ ಅವಳಿಗೆ ಬಾಯಿಪಾಠ ಬಂದಿರುತ್ತದೆ: ಮು, ಸು, ಮೆ, ಫು, ಸ, ಹೊ, ಸೆ.